‘ಐ ವರ್ಕ್’ ಎನ್ನಲು ಯಾಕಿಷ್ಟು ಹಿಂಜರಿಕೆ?

ಥಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಕೆಲಸಕ್ಕಿರುವವರನ್ನು ಇಂಗ್ಲಿಷಿನಲ್ಲಿ ‘ಎಲ್ಲಿ ಕೆಲಸ?’ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ, ‘ಐ ಆ್ಯಮ್ ವರ್ಕಿಂಗ್ ಇನ್ ವಾಗ್ಳೆ ಎಸ್ಟೇಟ್.’ ಇದನ್ನು ಸಾರಾಸಗಟಾಗಿ ತಪ್ಪೆನ್ನುವಂತಿಲ್ಲ. ಆದರೆ ವರ್ಷಗಟ್ಟಲೆ ಅಲ್ಲೇ ದುಡಿದವರು ಹಾಗೆಂದರೆ, ಇಂಗ್ಲಿಷರ ಕಿವಿಗೆ ಅದು ಸದ್ಯಕ್ಕೆ ಹಿಡಿದ ಕೆಲಸದಂತೆ ಕೇಳಿಸುತ್ತದೆ. ಖಾಯಂ ಕೆಲಸಕ್ಕೆ ‘ಐ ವರ್ಕ್’ ಸಾಕು. ಶಾಲೆಯಲ್ಲಿ ಕಲಿತ ಸಿಂಪಲ್ ಪ್ರೆಸೆಂಟ್ ಟೆನ್ಸ್ ಅಂದರೆ ಇದೇ.

ಈ ಇಂಗ್ಲಿಷಿನ ಅಗತ್ಯ ಅಲ್ಲಿ ಹೊಸತು. ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ ಹುಟ್ಟಿದ್ದು 1962ರಲ್ಲಿ. ಅದರ ಮೊತ್ತಮೊದಲ ಕೈಗಾರಿಕಾ ಪ್ರದೇಶಗಳಲ್ಲಿ ವಾಗ್ಳೆ ಎಸ್ಟೇಟೂ ಒಂದು. ಹಳೆಯ ಕಾರ್ಖಾನೆಗಳ ನಡುವೆ ಈಗ ಐಟಿ ಪಾರ್ಕುಗಳೆದ್ದಿವೆ. ಲೇತ್ ಮುಂದೆ ನಿಂತವನಿಗೆ ಇಂಗ್ಲಿಷ್ ಬೇಕಿರಲಿಲ್ಲ, ಕಿವಿಗೆ ಹೆಡ್‌ಫೋನ್ ಏರಿಸಿದವನಿಗೆ ಬೇಕು.

‘ಐ ವರ್ಕ್’ ಎನ್ನಲು ತೊಡಕು ನಮ್ಮ ಕನ್ನಡದ ಮಾತಿನಲ್ಲೇ ಇದೆ. ‘ಥಾಣೆಯಲ್ಲಿ ಕೆಲಸ ಮಾಡ್ತಿದ್ದೇನೆ’ ಎಂದು ನಾವು ಖಾಯಂ ನೌಕರಿಯ ಬಗ್ಗೆಯೂ ಹೇಳುತ್ತೇವೆ. ‘ಹೋಗ್ತೇನೆ’ ಎಂಬುದು ನಿತ್ಯದ ಹೋಗುವಿಕೆಗೂ ಆಗುತ್ತದೆ, ನಾಳೆಯ ಪ್ರಯಾಣಕ್ಕೂ ಆಗುತ್ತದೆ. ಇಂಗ್ಲಿಷಿನಲ್ಲಿ ‘ಐ ಗೋ’ ಅಂದರೆ ಮುಖ್ಯವಾಗಿ ರೂಢಿ. ಆದರೂ ರೈಲಿನ ವೇಳಾಪಟ್ಟಿಯಂಥ ನಿಗದಿಯಾದ ಸಂಗತಿಗೆ ನಾಳೆಯದಾದರೂ ಇದೇ ರೂಪ: ‘ದ ಟ್ರೇನ್ ಲೀವ್ಸ್ ಅಟ್ ಸಿಕ್ಸ್ ಟುಮಾರೊ.’

ಸಂದರ್ಶನದಲ್ಲಿ ಎದ್ದು ಕಾಣುವುದು ‘ಐ ಆ್ಯಮ್ ಹ್ಯಾವಿಂಗ್ ಟು ಇಯರ್ಸ್ ಎಕ್ಸ್‌ಪೀರಿಯೆನ್ಸ್’. ‘ನಮ್ಮಲ್ಲಿದೆ’ ಎಂಬ ಅರ್ಥದ ‘ಹ್ಯಾವ್’, ಹಾಗೆಯೇ ‘ಗೊತ್ತಿದೆ’ ಎಂಬ ಅರ್ಥದ ‘ನೋ’, ‘ಬಿಲಾಂಗ್’ ಇವಕ್ಕೆ ‘ಇಂಗ್’ ಹತ್ತುವುದಿಲ್ಲ. ಊಟ ಮಾಡುವಾಗ ‘ಹ್ಯಾವಿಂಗ್ ಲಂಚ್’ ಅನ್ನಬಹುದು. ಅಲ್ಲಿ ಅರ್ಥ ಬೇರೆ. ಈ ‘ಇಂಗ್’ ಮೋಹ ಕನ್ನಡಿಗರಿಗಷ್ಟೇ ಅಂಟಿದ್ದಲ್ಲ. ಮುಂಬೈಯ ಕವಿ ನಿಸ್ಸಿಂ ಎಝೆಕಿಯಲ್ (1924–2004) ‘ಗುಡ್‌ಬೈ ಪಾರ್ಟಿ ಫಾರ್ ಮಿಸ್ ಪುಷ್ಪಾ ಟಿ.ಎಸ್.’ ಎಂಬ ಕವಿತೆಯುದ್ದಕ್ಕೂ ಅದನ್ನೇ ತುಂಬಿ ನಗಿಸಿದ್ದಾರೆ. ನಗುವಿನಲ್ಲಿ ಸ್ವಲ್ಪ ಚುಚ್ಚೂ ಇದೆ ಅನ್ನಿ.

ಇನ್ನು ‘ಅವನು, ಅವಳು, ಅದು’ ಎಂಬಲ್ಲಿ ಕ್ರಿಯಾಪದಕ್ಕೆ ಹತ್ತುವ ಆ ಒಂದು ‘ಸ್’. ಮಾಡುತ್ತೇನೆ, ಮಾಡುತ್ತೀಯೆ, ಮಾಡುತ್ತಾಳೆ, ಮಾಡುತ್ತದೆ ಎಂದು ಕರ್ತೃವಿಗೊಂದು ರೂಪವನ್ನು ಸಲೀಸಾಗಿ ಬದಲಿಸುವ ಕನ್ನಡಿಗ, ‘ಶಿ ವರ್ಕ್ಸ್’ ಎಂಬಲ್ಲಿ ಮುಗ್ಗರಿಸುತ್ತಾನೆ. ‘ಇಲ್ಲ’ ಎನ್ನುವಾಗ ಆ ‘ಸ್’ ಕ್ರಿಯಾಪದವನ್ನು ಬಿಟ್ಟು ‘ಡಸಂಟ್’ ಒಳಗೆ ಸೇರಿಬಿಡುತ್ತದೆ: ‘ಶಿ ಡಸಂಟ್ ವರ್ಕ್.’ ‘ಡಸಂಟ್ ವರ್ಕ್ಸ್’ ಎಂದರೆ ಎರಡೆರಡು ಬಾರಿ ಲೆಕ್ಕ ಹಿಡಿದಂತೆ.

ಸಂದರ್ಶನಕ್ಕೆ ಹೊರಟವರು ವ್ಯಾಕರಣದ ಪುಸ್ತಕ ತಿರುವುವುದಕ್ಕಿಂತ ತಮ್ಮ ದಿನಚರಿಯನ್ನೇ ಬರೆದು ಗಟ್ಟಿಯಾಗಿ ಓದುವುದು ವಾಸಿ: ‘ಐ ಲಿವ್ ಇನ್ ಡೊಂಬಿವಲಿ. ಐ ಟೇಕ್ ದ ಲೋಕಲ್ ಟು ಥಾಣೆ. ಮೈ ಶಿಫ್ಟ್ ಸ್ಟಾರ್ಟ್ಸ್ ಅಟ್ ನೈನ್.’ ಕೊನೆಯ ವಾಕ್ಯದ ‘ಸ್ಟಾರ್ಟ್ಸ್’ನಲ್ಲಿ ‘ಸ್’ ನುಂಗಬೇಡಿ.