ಬಿಡುಗಡೆಗೆ ಅಡ್ಡಬರಬೇಕಾದ ದೋಷ ಯಾವುದು?

ದೋಷವೇ ಇಲ್ಲದ ತಂತ್ರಾಂಶ ಎಲ್ಲಿಯೂ ಇಲ್ಲ. ಹೀಗಿರುವಾಗ ಹೊಸ ಆವೃತ್ತಿಯನ್ನು ಜನರ ಕೈಗಿಡುವ ಮುನ್ನ ತೀರ್ಮಾನವಾಗಬೇಕಾದ ಪ್ರಶ್ನೆ ಒಂದೇ: ಯಾವ ದೋಷ ಉಳಿದಿದ್ದರೆ ಬಿಡುಗಡೆಯನ್ನೇ ತಡೆಹಿಡಿಯಬೇಕು? ಬಹುತೇಕ ಕಂಪೆನಿಗಳಲ್ಲಿ ಇದು ಮುಚ್ಚಿದ ಬಾಗಿಲ ಹಿಂದೆ ಇತ್ಯರ್ಥವಾಗುತ್ತದೆ. 1993ರಲ್ಲಿ ಆರಂಭವಾದ, ಸ್ವಯಂಸೇವಕರೇ ನಡೆಸುವ ಡೆಬಿಯನ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯಲ್ಲಾದರೋ ಎಲ್ಲರ ಕಣ್ಣೆದುರಿನಲ್ಲೇ ನಡೆಯುತ್ತದೆ. ಆಡಳಿತದಲ್ಲಿ ಆಸಕ್ತಿಯುಳ್ಳವರು ಗಮನಿಸಬೇಕಾದ ಪದ್ಧತಿಯಿದು.

ಬಿಡುಗಡೆಗೆ ಅಡ್ಡಬರುವ ದೋಷಗಳಿಗೆ ಅಲ್ಲಿ ಮೂರು ದರ್ಜೆಗಳಿವೆ. ಇಡೀ ಗಣಕವನ್ನೋ ಸಂಬಂಧವಿಲ್ಲದ ಬೇರೆ ತಂತ್ರಾಂಶವನ್ನೋ ಕೆಡಿಸುವಂಥದ್ದು ಮೊದಲನೆಯದು. ತಾನೇ ಬಳಕೆಗೆ ಬಾರದಂತಾಗುವುದು ಎರಡನೆಯದು. ಮಾಹಿತಿ ನಾಶ ಮತ್ತು ಭದ್ರತೆಯ ಲೋಪಗಳು ತೀವ್ರತೆಗೆ ತಕ್ಕಂತೆ ಇವೆರಡರಲ್ಲಿ ಹಂಚಿಹೋಗುತ್ತವೆ. ಮೂರನೆಯದು ಕುತೂಹಲಕರ. ತಂತ್ರಾಂಶ ಸುಸೂತ್ರವಾಗಿ ಓಡುತ್ತಿದ್ದರೂ ಲಿಖಿತ ನಿಯಮಾವಳಿಯ ಗಂಭೀರ ಉಲ್ಲಂಘನೆಯಿದ್ದರೆ ಅದು ಬಿಡುಗಡೆಗೆ ಅನರ್ಹ.

ಈ ಮೂರನೆಯ ದರ್ಜೆಯೇ 2004ರಲ್ಲಿ ಬಿಕ್ಕಟ್ಟು ತಂದಿತು. ಆ ವರ್ಷ ಸದಸ್ಯರು ತಮ್ಮ 'ಸಾಮಾಜಿಕ ಒಪ್ಪಂದ'ಕ್ಕೆ ಬರೀ ಸಂಪಾದಕೀಯ ಸ್ವರೂಪದ್ದೆಂಬ ಹೆಸರಿನ ತಿದ್ದುಪಡಿಯೊಂದನ್ನು ಮತದಾನದಿಂದ ಅಂಗೀಕರಿಸಿದರು. ಬಿಡುಗಡೆಯ ಹೊಣೆ ಹೊತ್ತವರು ಅದನ್ನು ಅಕ್ಷರಶಃ ಓದಿದರು: ಕೈಪಿಡಿಗಳೂ ಫರ್ಮ್‌ವೇರ್ ಕಡತಗಳೂ ಮುಕ್ತ ಪರವಾನಗಿಯಲ್ಲೇ ಇರಬೇಕು. ಯಾವ ಪ್ರೋಗ್ರಾಮೂ ಹೊಸದಾಗಿ ಕೆಟ್ಟಿರಲಿಲ್ಲ. ಬಿಡುಗಡೆ ಮಾತ್ರ ದೂರ ಸರಿಯಿತು. ಕೆಲವೇ ತಿಂಗಳಲ್ಲಿ ಮತ್ತೆ ಮತ ಹಾಕಿ, 'ಸಾರ್ಜ್' ಆವೃತ್ತಿ ಹೊರಬರುವವರೆಗೆ ತಿದ್ದುಪಡಿಯನ್ನು ಅಮಾನತಿನಲ್ಲಿಡಬೇಕಾಯಿತು. (ಮುಕ್ತವಲ್ಲದ ಫರ್ಮ್‌ವೇರ್‌ಗೆ 2022ರಲ್ಲಿ ಸದಸ್ಯರೇ ಅಧಿಕೃತ ಅನುಸ್ಥಾಪನಾ ಮಾಧ್ಯಮದಲ್ಲಿ ಜಾಗ ಕೊಟ್ಟದ್ದು ಬೇರೆ ಮಾತು.) ಹಿಂದಿನ ಆವೃತ್ತಿ ಬಂದದ್ದು 2002ರ ಜುಲೈನಲ್ಲಿ, ಸಾರ್ಜ್ ಬಂದದ್ದು 2005ರ ಜೂನ್‌ನಲ್ಲಿ. ವಿಳಂಬಕ್ಕೆ ಅನ್ಯ ಕಾರಣಗಳೂ ಇದ್ದವೆನ್ನಿ.

ಕಡತಗಳ ನಡುವೆ ಸೇವಾವಧಿ ಕಳೆದವರಿಗೆ ಇದು ಅಪರಿಚಿತವಲ್ಲ. ಆಕ್ಷೇಪಣೆ ಬರೆಯುವವನಿಗೆ ವಿಳಂಬದ ವೆಚ್ಚ ತಟ್ಟುವುದಿಲ್ಲ. ಅದನ್ನು ತೆರುವವರು, ಹೊಸ ಯಂತ್ರ ಕೊಂಡು ಹಳೆಯ ಆವೃತ್ತಿಯೊಡನೆ ಏಗುವ ಬಳಕೆದಾರರು. ಹಾಗೆಂದು ನಿಯಮೋಲ್ಲಂಘನೆಯನ್ನು ಪಟ್ಟಿಯಿಂದ ಕೈಬಿಡಬೇಕೆಂದು ನಾನು ಹೇಳಲಾರೆ. ಪರವಾನಗಿಯ ತಂಟೆ ತಡವಾಗಿ ಬರುತ್ತದೆ, ಬಂದಾಗ ದುಬಾರಿಯಾಗುತ್ತದೆ. ನನಗೆ ಒಪ್ಪಿಗೆಯಾಗುವುದು ಅವರ ವಿನಾಯಿತಿಯ ಕ್ರಮ. ಬಿಡುಗಡೆ ತಂಡ ಒಂದು ದೋಷಕ್ಕೆ 'ಈ ಆವೃತ್ತಿಯ ಮಟ್ಟಿಗೆ ಪರಿಗಣಿಸತಕ್ಕದ್ದಲ್ಲ' ಎಂಬರ್ಥದ ಷರಾ ಹಾಕಬಹುದು. ಅದರಿಂದ ದೋಷದ ದರ್ಜೆ ಇಳಿಯುವುದಿಲ್ಲ, ದಾಖಲೆಯೂ ಅಳಿಯುವುದಿಲ್ಲ. ದೊಡ್ಡ ದೋಷವನ್ನು ಸಣ್ಣದೆಂದು ನಮೂದಿಸಿ ಕಡತ ಮುಚ್ಚುವುದಕ್ಕಿಂತ ಇದು ಎಷ್ಟೋ ಪ್ರಾಮಾಣಿಕ.

ಆದರೆ ಪಟ್ಟಿಯಲ್ಲಿ ನಮೂದಾಗುವುದು ಕಣ್ಣಿಗೆ ಬಿದ್ದ ದೋಷ ಮಾತ್ರ. 2006ರಲ್ಲಿ, ತಪಾಸಣಾ ಸಾಧನವೊಂದು ಕೊಡುತ್ತಿದ್ದ ಎಚ್ಚರಿಕೆಯನ್ನು ನಿವಾರಿಸಲೆಂದು ಡೆಬಿಯನ್‌ನ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಮಾಡಿದ ಬದಲಾವಣೆಯಿಂದ, ಅದು ಸೃಷ್ಟಿಸುವ ಗುಪ್ತ ಕೀಲಿಗಳು ಊಹೆಗೆ ನಿಲುಕುವಂತಾದವು. 2007ರ ಏಪ್ರಿಲ್‌ನಲ್ಲಿ 4.0 ಆವೃತ್ತಿ ಈ ದೋಷವನ್ನು ಒಡಲಲ್ಲಿಟ್ಟುಕೊಂಡೇ ಹೊರಬಂದಿತು. 2008ರ ಮೇ 13ರಂದು ಸಂಗತಿ ಪ್ರಕಟವಾದ ಮೇಲೆ, ಅಂಥ ಕೀಲಿಗಳನ್ನು ನೆಚ್ಚಿದ್ದವರೆಲ್ಲರೂ ಅವನ್ನು ಎಸೆದು ಹೊಸದನ್ನು ಮಾಡಿಕೊಳ್ಳಬೇಕಾಯಿತು.