ಹಗುರ ಗಾಡಿಯ ಕುತ್ತಿಗೆ

ಅಮೆರಿಕದಲ್ಲಿ ಹಿತ್ತಲಲ್ಲೇ, ಪಿಕಪ್ ಎಳೆಯುವ ಫಿಫ್ತ್‌ವೀಲ್ ಕ್ಯಾಂಪರ್ ಗಾಡಿ ಕಟ್ಟಿಕೊಳ್ಳುವ ಹವ್ಯಾಸಿಗಳು ಮೊದಲು ಓದಬೇಕಾದದ್ದು ಪಿಕಪ್ಪಿನ ಬಾಗಿಲ ಚೌಕಟ್ಟಿಗೆ ಅಂಟಿಸಿದ ಚೀಟಿಯನ್ನು. ಜನ, ಸಾಮಾನು ಸೇರಿ ವಾಹನ ಎಷ್ಟು ಹೊರಬಲ್ಲದು ಎಂಬುದು ಅದರಲ್ಲಿರುತ್ತದೆ. ಫಿಫ್ತ್‌ವೀಲ್ ಗಾಡಿಯ ಕೊಂಡಿ ಬಂಪರಿನ ಹಿಂದಿರುವುದಿಲ್ಲ. ಪಿಕಪ್ಪಿನ ತೊಟ್ಟಿಯೊಳಗೆ, ಹಿಂದಿನ ಆಕ್ಸಲ್‌ನ ನೆತ್ತಿಯ ಮೇಲೇ ಕೂರುತ್ತದೆ. ಓಲಾಡದೆ ಓಡಬೇಕಾದರೆ ಗಾಡಿಯ ತೂಕದಲ್ಲಿ ಸುಮಾರು ಐದನೇ ಒಂದು ಭಾಗ ಅಲ್ಲಿ ಬೀಳಬೇಕು. 3,000 ಕಿಲೋ ಗಾಡಿಯಾದರೆ 600 ಕಿಲೋ. ಸಾಧಾರಣ ಪಿಕಪ್ಪಾದರೆ ಆಮೇಲೆ ಹೆಂಡತಿ ಮಕ್ಕಳಿಗೆ ಸೀಟಿದ್ದರೂ ತೂಕದ ಲೆಕ್ಕದಲ್ಲಿ ಜಾಗ ಉಳಿಯುವುದು ಕಷ್ಟ.

ಹಾಗೆಂದು ಉಕ್ಕು ಬಿಟ್ಟು ಅಲ್ಯೂಮಿನಿಯಂ ಹಿಡಿಯುವುದು ಅವಸರದ ಉತ್ತರ. ಅದರ ತೂಕ ಉಕ್ಕಿನ ಮೂರನೇ ಒಂದು ಪಾಲು, ನಿಜ. ಬಾಗದೆ ನಿಲ್ಲುವ ಗುಣವೂ ಅಷ್ಟೇ. ವೆಲ್ಡಿಂಗ್ ಮಾಡಿದಲ್ಲಿ ಬಲ ಇನ್ನೂ ಇಳಿಯುತ್ತದೆ. ಲೋಹ ಬದಲಿಸುವುದಕ್ಕಿಂತ ತೊಲೆಯ ಎತ್ತರ ಹೆಚ್ಚಿಸುವುದು ಜಾಣತನ. 3 ಮಿ.ಮೀ. ದಪ್ಪದ 50×100 ಬಾಕ್ಸ್ ಪೈಪಿನ ಬದಲು 50×150 ಪೈಪನ್ನು ನಿಲ್ಲಿಸಿ ಕೂರಿಸಿದರೆ ತೂಕ ಮೂರನೇ ಒಂದರಷ್ಟು ಏರುತ್ತದೆ, ಬಿಗಿ ಮಾತ್ರ ಎರಡೂಮುಕ್ಕಾಲು ಪಟ್ಟಾಗುತ್ತದೆ. ಅಟ್ಟದ ತೊಲೆಯನ್ನು ಮಲಗಿಸದೆ ನಿಲ್ಲಿಸುವ ನಮ್ಮ ಬಡಗಿಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಆ ಲೆಕ್ಕದಲ್ಲಿ ಗಾಡಿಯ ಅತಿ ಎತ್ತರದ ತೊಲೆ ಯಾವುದು? ಗೋಡೆಯೇ! ಪಕ್ಕದ ಗೋಡೆಯೊಳಗೆ ಕರ್ಣಪಟ್ಟಿ ಹಾಕಿ ತ್ರಿಕೋನಗಳಾಗಿ ಹೆಣೆದರೆ ನೆಲದ ಚೌಕಟ್ಟು ತೆಳ್ಳಗಿದ್ದರೂ ನಡೆಯುತ್ತದೆ. ವಿಮಾನ ತಯಾರಕ ಗ್ಲೆನ್ ಕರ್ಟಿಸ್ 1920ರ ದಶಕದ ಕೊನೆಗೆ ಫ್ಲಾರಿಡಾದ ಓಪಾ-ಲಾಕಾದಲ್ಲಿ ತಯಾರಿಸಿದ ಏರೋಕಾರ್ ಗಾಡಿಗಳ ಗುಟ್ಟು ಇದೇ: ವಿಮಾನದ ಒಡಲಿನಂತೆ ಹಗುರ ಚೌಕಟ್ಟು, ಅದನ್ನು ಓರೆಯಾಗಿ ಬಿಗಿದ ತಂತಿಗಳು. ಭಾರದ ಚಾಸಿಸ್ ಮೇಲೆ ಪೆಟ್ಟಿಗೆ ಕೂರಿಸುವ ಈಗಿನ ಪದ್ಧತಿಗಿಂತ ಅದೇ ನನಗೆ ಹೆಚ್ಚು ಸರಿ ಕಾಣುತ್ತದೆ.

ನಿಜವಾದ ಪರೀಕ್ಷೆ ಕುತ್ತಿಗೆಯಲ್ಲಿ. ಪಿಕಪ್ಪಿನ ತೊಟ್ಟಿಯನ್ನು ದಾಟಲು ಗಾಡಿಯ ನೆಲ ಅಲ್ಲಿ ಒಮ್ಮೆಲೇ ಮೇಲೇರುತ್ತದೆ. ಪ್ರತಿ ಹಳ್ಳದಲ್ಲೂ ಕೊಂಡಿ ಮುಂಭಾಗವನ್ನು ಮೇಲಕ್ಕೆ ತಳ್ಳುತ್ತದೆ. ಕೆಳಗಿನ ಒಳಮೂಲೆ ಬಾಯಿ ತೆರೆಯಲು ನೋಡುತ್ತದೆ. ಬಿರುಕು ಹುಟ್ಟುವುದು ಅಲ್ಲೇ, ಅದೂ ಹೆಚ್ಚಾಗಿ ವೆಲ್ಡಿಂಗ್ ನಿಂತ ತುದಿಯಲ್ಲಿ. ಮೂಲೆಗೆ ದೊಡ್ಡ ತ್ರಿಕೋನ ತಗಡು ಕೊಟ್ಟು, ವೆಲ್ಡಿಂಗಿನ ತುದಿಗಳನ್ನು ಮೂಲೆಯಿಂದ ದೂರ ಒಯ್ಯಬೇಕು. ಉಳಿಸಿದ ತೂಕದಲ್ಲಿ ಒಂದಿಷ್ಟನ್ನು ಇಲ್ಲಿ ಧಾರಾಳವಾಗಿ ಖರ್ಚು ಮಾಡಬಹುದು.

ಬಾಗಿಲನ್ನೂ ಕುತ್ತಿಗೆಯ ಪಕ್ಕದಲ್ಲಿ ಕೊರೆಯಬಾರದು. ಗೋಡೆಯ ತ್ರಿಕೋನ ಕತ್ತರಿಸಿಹೋದರೆ ಅದು ಬರೀ ಪರದೆ. ಅದನ್ನು ಗಾಡಿಯ ಆಕ್ಸಲ್‌ನ ಹಿಂದಕ್ಕೆ ಸರಿಸಿದರೆ ಅಡುಗೆ ಕಟ್ಟೆಯ ನಕ್ಷೆ ಕೆಡುತ್ತದೆ. ಕೆಡಲಿ, ಕಟ್ಟೆಯನ್ನು ಎಲ್ಲಿ ಬೇಕಾದರೂ ಕೂರಿಸಬಹುದು.