ಗಡಿಯಾಚೆಯ ಕೋವಿ: ಕಾಡುಹಂದಿಯನ್ನು ಕೊಲ್ಲಲು ಅನುಮತಿ ಯಾರದು?

ಕತ್ತಲಾದ ಮೇಲೆ ತೋಟದ ಕಡೆಯಿಂದ ಮಣ್ಣು ಕೆದರುವ ಸದ್ದು. ಬೆಳಿಗ್ಗೆ ಹೋಗಿ ನೋಡಿದರೆ ಮರಗೆಣಸಿನ ಸಾಲು ಬುಡಮೇಲು, ಬಾಳೆಯ ಕಂದುಗಳು ನೆಲಕ್ಕೆ. ದೇಲಂಪಾಡಿ, ಎಣ್ಮಕಜೆ, ಪೈವಳಿಕೆಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಗ ಮನೆಯಲ್ಲಿ ಒಂದು ಮಾತು ಬರುತ್ತದೆ: "ಸುಳ್ಯದಲ್ಲಿ ಭಾವನ ಹತ್ತಿರ ಕೋವಿ ಉಂಟು, ಲೈಸೆನ್ಸೂ ಉಂಟು. ಒಂದು ರಾತ್ರಿಗೆ ಅವರನ್ನು ಬರಹೇಳಿದರೆ ಆಗಲಿಕ್ಕಿಲ್ಲವಾ?"

ಆಗುವುದಿಲ್ಲ. ಯಾಕೆ ಆಗುವುದಿಲ್ಲ, ಆಗಬೇಕಾದರೆ ಏನು ಮಾಡಬೇಕು ಎಂಬುದೇ ಈ ಹೊತ್ತಿನ ನಮ್ಮ ಮಾತು.

ಮೊದಲು ಒಂದು ಹಳೆಯ ವಿಷಯ. ಊರಿನ ಹಿರಿಯರು ಶಿಕಾರಿಯ ಲೈಸೆನ್ಸಿನ ಕಥೆ ಹೇಳುವುದನ್ನು ನೀವು ಕೇಳಿರಬಹುದು. ಅದು ಬರೀ ಕಥೆಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಾಗ ಅದರಲ್ಲೇ ದೊಡ್ಡ ಬೇಟೆಗೆ ಒಂದು, ಸಣ್ಣ ಬೇಟೆಗೆ ಒಂದು ಎಂದು ಬೇರೆ ಬೇರೆ ಲೈಸೆನ್ಸುಗಳಿದ್ದವು. ಕಾಡುಹಂದಿ ದೊಡ್ಡ ಬೇಟೆಯ ಪಟ್ಟಿಯಲ್ಲಿತ್ತು. 1991ರ ತಿದ್ದುಪಡಿಯಲ್ಲಿ ಆ ಲೈಸೆನ್ಸುಗಳೆಲ್ಲ ರದ್ದಾದವು. ಇಂದು ಕಾಡುಹಂದಿಯನ್ನು ಮೋಜಿಗಾಗಿ, ಮಾಂಸಕ್ಕಾಗಿ ಕೊಲ್ಲಲು ನಮ್ಮ ದೇಶದಲ್ಲಿ ಲೈಸೆನ್ಸು ಎಂಬುದೇ ಇಲ್ಲ. ಬೇಟೆ ಎಂದರೆ ಗುಂಡು ಹೊಡೆಯುವುದು ಮಾತ್ರವೂ ಅಲ್ಲ. ಉರುಳು ಇಡುವುದು, ವಿಷ ಹಾಕುವುದು, ಅಟ್ಟಿಸಿ ಹಿಡಿಯುವುದು ಎಲ್ಲವೂ ಕಾನೂನಿನ ಕಣ್ಣಿಗೆ ಬೇಟೆಯೇ.

ಹಾಗಾದರೆ ಭಾವನ ಲೈಸೆನ್ಸು ಯಾವುದು? ಅದು 1959ರ ಆಯುಧ ಕಾಯಿದೆಯಂತೆ ಕೋವಿ ಇಟ್ಟುಕೊಳ್ಳಲು ಕೊಟ್ಟ ಕಾಗದ. ಅದರಲ್ಲಿ 'ಬೆಳೆ ರಕ್ಷಣೆಗಾಗಿ' ಎಂದು ಬರೆದಿದ್ದರೂ ಹಂದಿಯನ್ನು ಕೊಲ್ಲುವ ಅಪ್ಪಣೆ ಅದಲ್ಲ. ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿಯೂ ಕೋವಿಗೆ ಸಂಬಂಧಿಸಿದ್ದು, ಬೇಟೆಗಲ್ಲ. ಇನ್ನೊಂದು ವಿಷಯ: ಆ ಲೈಸೆನ್ಸು ಎಲ್ಲಿಯವರೆಗೆ ಊರ್ಜಿತ ಎಂಬುದೂ ಅದರಲ್ಲೇ ನಮೂದಾಗಿರುತ್ತದೆ. ಕರ್ನಾಟಕಕ್ಕೆ ಮಾತ್ರ ಎಂದಿದ್ದರೆ, ಕೋವಿ ಗಡಿ ದಾಟಿದ ಕ್ಷಣವೇ ಒಂದು ಅಪರಾಧವಾಯಿತು. ಗುಂಡು ಹಾರಿಸಬೇಕೆಂದೇನೂ ಇಲ್ಲ.

ಕೊಲ್ಲುವ ಅಪ್ಪಣೆಯ ವಿಷಯ ಬೇರೆ. ಅದು ವನ್ಯಜೀವಿ ಕಾಯಿದೆಯ 11ನೇ ಕಲಮಿನಲ್ಲಿದೆ. ಕಾಡುಹಂದಿ ಈಗ ಎರಡನೇ ಅನುಸೂಚಿಯಲ್ಲಿದೆ. ಆ ಅನುಸೂಚಿಯ ಪ್ರಾಣಿ ಜನರ ಜೀವಕ್ಕೆ ಅಥವಾ ನಿಂತ ಬೆಳೆಗೆ ಅಪಾಯ ತಂದರೆ, ಆ ರಾಜ್ಯದ ಮುಖ್ಯ ವನ್ಯಜೀವಿ ಪಾಲಕರು ಇಲ್ಲವೇ ಅವರ ಪರವಾಗಿ ಅಧಿಕಾರ ಪಡೆದವರು ಲಿಖಿತ ಅನುಮತಿ ಕೊಡಬಹುದು. ಒಂದನೇ ಅನುಸೂಚಿಗೆ ಬೆಳೆಯ ಕಾರಣ ನಡೆಯುವುದಿಲ್ಲ. ಆದ್ದರಿಂದ ಸೊಲ್ಲಾಪುರ, ಅಕ್ಕಲಕೋಟೆಯ ಶ್ರೋತೃಗಳೇ, ನಿಮ್ಮ ಜೋಳದ ಹೊಲಕ್ಕೆ ಬರುವ ಚಿಗರಿಯ ಮೇಲೆ ಕೋವಿ ಎತ್ತುವ ಮಾತೇ ಇಲ್ಲ. ಆನೆ, ಕಾಟಿ, ನವಿಲಿಗೂ ಇದೇ ಮಾತು.

ಈ ಅಧಿಕಾರವನ್ನು ಒಂದೊಂದು ರಾಜ್ಯ ಒಂದೊಂದು ರೀತಿ ಹಂಚಿದೆ. ಕೇರಳ ಸರ್ಕಾರ 2022ರ ಮೇ ತಿಂಗಳಲ್ಲಿ ಕಾಡುಹಂದಿಯ ಮಟ್ಟಿಗೆ ಪಂಚಾಯತು ಅಧ್ಯಕ್ಷರಿಗೇ ಅಧಿಕಾರ ಕೊಟ್ಟಿತು. ಪಟ್ಟಿಯಲ್ಲಿ ಹೆಸರಿರುವ ಕೋವಿ ಲೈಸೆನ್ಸುದಾರರೇ ಗುಂಡು ಹೊಡೆಯಬೇಕು. ವಿಷ, ಸ್ಫೋಟಕ, ಕರೆಂಟು ಕೂಡದು. ತಮಿಳುನಾಡಿನಲ್ಲಿ 2025ರ ಜನವರಿಯಲ್ಲಿ ಪ್ರಕಟವಾದ ಕ್ರಮವೇ ಬೇರೆ. ಅಲ್ಲಿ ಮೀಸಲು ಅರಣ್ಯದಿಂದ 3 ಕಿಲೋಮೀಟರಿನ ಆಚೆಗೆ ಮಾತ್ರ ಗುಂಡು, ಅದೂ ಅರಣ್ಯ ಇಲಾಖೆಯವರಿಂದಲೇ. ತಾಳವಾಡಿಯ ರೈತರು ಕಾಸರಗೋಡಿನ ನೆಂಟರ ಮಾತು ಕೇಳಿಕೊಂಡು ಹೊರಟರೆ ಸಿಕ್ಕಿಬೀಳುವುದು ಇಲ್ಲಿಯೇ.

ಈಗ ತಿರುಳಿನ ಮಾತು. ಅನುಮತಿ ಕೋವಿಯ ಬೆನ್ನು ಹತ್ತಿ ಬರುವುದಿಲ್ಲ, ನಿಮ್ಮ ಭಾಷೆಯ, ನೆಂಟಸ್ತಿಕೆಯ ಬೆನ್ನು ಹತ್ತಿಯೂ ಬರುವುದಿಲ್ಲ. ಹಂದಿ ನಿಂತ ನೆಲ ಯಾವ ರಾಜ್ಯದ್ದೋ ಆ ರಾಜ್ಯದ ಅನುಮತಿ ಬೇಕು. ಮನೆ ಕೇರಳದಲ್ಲಿ, ಗದ್ದೆ ತೋಡಿನ ಆಚೆ ಕರ್ನಾಟಕದಲ್ಲಿ ಇದ್ದರೆ ಗದ್ದೆಗೆ ಕರ್ನಾಟಕದ ಅರಣ್ಯ ಇಲಾಖೆಯನ್ನೇ ಕೇಳಬೇಕು. ಬೆಳೆನಷ್ಟದ ಪರಿಹಾರದ ಅರ್ಜಿಯೂ ಅಲ್ಲಿಗೇ. ಈಚೆ ಪೆಟ್ಟು ತಿಂದ ಹಂದಿ ತೋಡು ದಾಟಿತೆಂದರೆ ನಿಮ್ಮ ಅನುಮತಿ ಅಲ್ಲಿಗೆ ಮುಗಿಯಿತು. ಬೆನ್ನಟ್ಟಬೇಡಿ, ಆಚೆಯ ಅರಣ್ಯ ಕಚೇರಿಗೆ ತಿಳಿಸಿ.

ತಪ್ಪಿದರೆ ಏನಾಗುತ್ತದೆ? ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಒಂದನೇ ಅನುಸೂಚಿಯ ಪ್ರಾಣಿಯಾದರೆ ಕನಿಷ್ಠ ಮೂರು ವರ್ಷ, ಏಳು ವರ್ಷದವರೆಗೂ ಆಗಬಹುದು. ಕೋವಿ, ವಾಹನ ಜಪ್ತಿಯಾಗುತ್ತವೆ. ನ್ಯಾಯಾಲಯ ಕೋವಿಯ ಲೈಸೆನ್ಸನ್ನು ರದ್ದು ಮಾಡಿದರೆ ಐದು ವರ್ಷ ಹೊಸದು ಸಿಗುವುದಿಲ್ಲ. ಕರೆಸಿಕೊಂಡವರೂ ಅಪರಾಧಿಗಳೇ. ಉಪಕಾರಕ್ಕೆಂದು ಬಂದ ಭಾವನ ಜೊತೆ ನೀವೂ ಕಟಕಟೆಯಲ್ಲಿ ನಿಲ್ಲಬೇಕಾಗುತ್ತದೆ. ಅನುಮತಿ ಪಡೆದು ಕೊಂದ ಹಂದಿಯೂ ಸರ್ಕಾರದ ಸ್ವತ್ತು. ಅದನ್ನು ಪಾಲು ಹಾಕಿಕೊಳ್ಳುವಂತಿಲ್ಲ. ಮೈಮೇಲೆ ಎರಗಿದ ಪ್ರಾಣಿಯನ್ನು ಜೀವ ಉಳಿಸಿಕೊಳ್ಳಲು ಕೊಂದರೆ ಮಾತ್ರ ಅಪರಾಧವಲ್ಲ. ಆದರೆ ಬೇಟೆಗೆಂದೇ ಹೊರಟವನಿಗೆ ಈ ರಕ್ಷಣೆ ಇಲ್ಲ.

ಆದ್ದರಿಂದ ಹೀಗೆ ಮಾಡಿ. ಹಾಳಾದ ಬೆಳೆಯ ಫೋಟೋ ತೆಗೆದಿಡಿ. ಸರ್ವೆ ನಂಬರು, ದಿನಾಂಕ, ನಷ್ಟವನ್ನು ಬರೆದು ಅರ್ಜಿ ಕೊಡಿ, ರಶೀದಿ ಪಡೆಯಿರಿ. ಇಂಥ ಆದೇಶಗಳಿಗೆ ಅವಧಿ ಇರುತ್ತದೆ. ಆದೇಶ ಇಂದು ಜಾರಿಯಲ್ಲಿದೆಯೇ, ಪಟ್ಟಿಯಲ್ಲಿ ಯಾರ ಹೆಸರಿದೆ ಎಂದು ಪಂಚಾಯತಿನಲ್ಲೋ ರೇಂಜ್ ಆಫೀಸಿನಲ್ಲೋ ಕೇಳಿ. ಮಲಯಾಳ, ತಮಿಳು, ಮರಾಠಿಯಲ್ಲಿ ಬರೆಯಲು ಬಾರದೆಂದು ಹಿಂಜರಿಯಬೇಡಿ. ಕುಂದುಕೊರತೆಯ ಅರ್ಜಿಯನ್ನು ಕನ್ನಡದಲ್ಲೇ ಕೊಡುವ ಹಕ್ಕು ಸಂವಿಧಾನದ 350ನೇ ಅನುಚ್ಛೇದದಲ್ಲಿದೆ.

ಭಾವ ಬರಲಿ, ಊಟ ಮಾಡಲಿ, ಇಸ್ಪೀಟು ಆಡಲಿ. ಕೋವಿ ಮಾತ್ರ ಅವರ ಮನೆಯಲ್ಲೇ ಇರಲಿ.